ಊರಿಗೊಂದು ಹಂಡೆ, ಕಾಡಿನಲ್ಲಿ ಕಲ್ಲುಗುಡ್ಡೆ

ಕೇಳುಗರೇ, ನಮಸ್ಕಾರ.

ಬಚ್ಚಲುಮನೆಯ ಹಂಡೆ ಒಲೆ ನಿಮಗೆ ನೆನಪಿರಬೇಕು. ಬೆಳಗ್ಗೆ ಎದ್ದು ತೆಂಗಿನ ಮಟ್ಟೆ, ಚಿಪ್ಪು, ಸೌದೆ ಹಾಕಿ ಉರಿ ಹಚ್ಚಿದರೆ ಮನೆಮಂದಿಗೆಲ್ಲ ಬಿಸಿನೀರು. ಈಗ ಅದೇ ಹಂಡೆಯನ್ನು ಇಡೀ ಊರಿಗೆ ಆಗುವಷ್ಟು ದೊಡ್ಡದಾಗಿ ಊಹಿಸಿಕೊಳ್ಳಿ. ಸ್ವೀಡನ್ನಿನ ದಕ್ಷಿಣದಲ್ಲಿ, ಸ್ಮೋಲಾಂಡ್ ಸೀಮೆಯಲ್ಲಿ, ವೆಕ್ಷೊ ಅಂತ ಒಂದು ಊರಿದೆ. ಅಲ್ಲಿನ ಸಾಂಡ್‌ವಿಕ್ ಸ್ಥಾವರದಲ್ಲಿ 1980ರಲ್ಲಿ ಎಣ್ಣೆಯ ಬದಲು ಮರದ ಚಕ್ಕೆ ಸುಡಲು ಶುರು ಮಾಡಿದರು. ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಮನೆಯನ್ನೂ ಬೆಚ್ಚಗಿಡುತ್ತದೆ, ಜೊತೆಗೆ ಕರೆಂಟೂ ಬರುತ್ತದೆ. ಕಲ್ಲಿದ್ದಲು, ಎಣ್ಣೆ ಪೂರ್ತಿ ಬಿಡುತ್ತೇವೆ ಅಂತ 1996ರಲ್ಲಿ ಊರಿನ ಆಡಳಿತವೇ ತೀರ್ಮಾನ ಮಾಡಿತು.

ಒಳ್ಳೆಯ ಕೆಲಸ. ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಚಕ್ಕೆ ಬರುವ ಕಾಡಿನ ನೆಲದಲ್ಲಿ ಏನಿದೆ ಅನ್ನುವುದನ್ನು ಇವತ್ತು ನಿಮಗೆ ಹೇಳಬೇಕು.

ನಮ್ಮ ಬಯಲುಸೀಮೆಯಲ್ಲಿ ರೈತರು ಹೊಲದ ಕಲ್ಲು ಆರಿಸಿ ಬದುವಿನ ಮೇಲೆ ಗುಡ್ಡೆ ಹಾಕುತ್ತಾರಲ್ಲ, ಅಂಥವೇ ಕಲ್ಲುಗುಡ್ಡೆಗಳು ಸ್ಮೋಲಾಂಡಿನ ಕಾಡುಗಳ ಒಳಗೆ ಲೆಕ್ಕವಿಲ್ಲದಷ್ಟಿವೆ. ಪಾಚಿ ಹಿಡಿದ, ಮೊಣಕಾಲೆತ್ತರದ ಸಣ್ಣ ಗುಡ್ಡೆಗಳು. ಕೆಲವಂತೂ ಎರಡೂವರೆ, ಮೂರು ಸಾವಿರ ವರ್ಷ ಹಳೆಯವು. ಈಗ ದಟ್ಟ ಕಾಡು ಇರುವ ಕಡೆ ಆಗ ಹೊಲ ಇತ್ತು, ಮಣ್ಣು ಕೆದಕಿ ಕಾಳು ಬಿತ್ತುತ್ತಿದ್ದರು. 1350ರಲ್ಲಿ ಪ್ಲೇಗು ಬಂದು ಜನ ಸತ್ತ ಮೇಲೆ ಎಷ್ಟೋ ಒಕ್ಕಲುಮನೆಗಳು ಹಾಳುಬಿದ್ದವು, ಹೊಲಗಳನ್ನು ಕಾಡು ನುಂಗಿತು. ಅದಕ್ಕೇ ಅವು ಉಳಿದವು! ಉಳುಮೆ ಆಗಿದ್ದಿದ್ದರೆ ಎಂದೋ ಹೋಗಿರುತ್ತಿದ್ದವು. ಈ ಗುಡ್ಡೆಗಳ ತಳದಲ್ಲಿ ಚೂರುಪಾರು ಇದ್ದಿಲು ಸಿಗುತ್ತದೆ, ಮೊದಲ ಸಲ ಕಾಡು ಸುಟ್ಟು ಹೊಲ ಮಾಡಿದಾಗ ಉಳಿದದ್ದು. ಅದನ್ನು ಪರೀಕ್ಷೆ ಮಾಡಿಯೇ ಗುಡ್ಡೆಯ ವಯಸ್ಸು ಹೇಳುತ್ತಾರೆ. ಯಂತ್ರ ಹರಿದು ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ತಳದ ಮಣ್ಣು ಮೇಲೆ ಬಂತು ಅಂದರೆ, ಕಲ್ಲು ಅಲ್ಲೇ ಇರುತ್ತದೆ, ಆದರೆ ಯಾವ ಇದ್ದಿಲು ಯಾವ ಕಾಲದ್ದು ಅಂತ ಇನ್ನು ಯಾರೂ ಹೇಳಲಾರರು.

ಮರ ಕಡಿಯುವುದು ಹೊಸದಲ್ಲವಲ್ಲ, ಈಗೇನು ಬದಲಾಯಿತು ಅಂತ ನೀವು ಕೇಳಬಹುದು. ಬದಲಾಗಿದೆ. ಮೊದಲು ದಿಮ್ಮಿ ಮಾತ್ರ ಸಾಮಿಲ್ಲಿಗೆ ಹೋಗುತ್ತಿತ್ತು. ಕೊಂಬೆ, ತುದಿ ಎಲ್ಲ ಕಾಡಿನಲ್ಲೇ ಬೀಳುತ್ತಿದ್ದವು, ಯಂತ್ರ ಓಡಿಸುವವರು ಅದನ್ನೇ ದಾರಿಗೆ ಹಾಸಿಕೊಂಡು ಅದರ ಮೇಲೆ ಗಾಡಿ ಓಡಿಸುತ್ತಿದ್ದರು. ದಿಮ್ಮಿ ಹೇರಿದ ಒಂದೊಂದು ಗಾಡಿ 20, 30 ಟನ್ ತೂಗುತ್ತದೆ, ಹಸಿ ಮಣ್ಣಿನಲ್ಲಿ ನೇರವಾಗಿ ಹೋದರೆ ಗಾಲಿ ಮೊಣಕಾಲುದ್ದ ಹೂತು ಕೆಳಗೆ ಏನಿದ್ದರೂ ಅರೆದುಬಿಡುತ್ತದೆ. ಆ ಕೊಂಬೆಯ ಹಾಸು ನೆಲವನ್ನು ಕಾಯುತ್ತಿತ್ತು. ಈಗ ಅದೇ ಕೊಂಬೆಗೆ ಬೆಲೆ ಬಂದಿದೆ. ದಾರಿಗೆ ಹಾಸಿದರೆ ಮಣ್ಣು ಮೆತ್ತಿ ಒಲೆಗೆ ಬಾರದು, ಒಲೆಗೆ ಕೊಟ್ಟರೆ ದಾರಿಗೆ ಹಾಸಲು ಉಳಿಯದು. ಇನ್ನೊಂದು, ಅದನ್ನು ಒಯ್ಯಲು ಗಾಡಿ ಮತ್ತೊಂದು ಸಲ ಒಳಗೆ ಬರಬೇಕು. ಒಣಗಲು ರಾಶಿ ಹಾಕುವಾಗ ತುಸು ಎತ್ತರದ, ನೀರು ನಿಲ್ಲದ ಜಾಗ ಹುಡುಕುತ್ತಾರೆ. ಅಂಥ ಜಾಗ ಎಷ್ಟೋ ಸಲ ಹಳೆಯ ಕಲ್ಲುಗುಡ್ಡೆಯೇ ಆಗಿರುತ್ತದೆ, ಅಲ್ವಾ?

ಒಲೆಗೆಂದು ಬೊಡ್ಡೆಯನ್ನೂ ಕೀಳುವುದು ಇದೆಲ್ಲಕ್ಕಿಂತ ಕೆಟ್ಟದ್ದು. ಫಿನ್ಲೆಂಡಿನಲ್ಲಿ ಅದು ಜಾಸ್ತಿ ನಡೆಯಿತು, ಸ್ವೀಡನ್ನಿನಲ್ಲೂ ಸ್ವಲ್ಪಮಟ್ಟಿಗೆ. ಅಗೆಯುವ ಯಂತ್ರದಿಂದ ಬೇರುಸಮೇತ ಎತ್ತಿದಾಗ ಬೇರಿಗೆ ಅಂಟಿದ ಮಣ್ಣು, ಕಲ್ಲು ಎಲ್ಲ ಮೇಲೆ ಬರುತ್ತದೆ. 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ಇದೇ ಸೀಮೆಯ ಕಾಡನ್ನು ಮಲಗಿಸಿತು, ಒಂದೇ ರಾತ್ರಿಯಲ್ಲಿ ಸುಮಾರು 7.5 ಕೋಟಿ ಘನಮೀಟರ್ ಮರ ನೆಲಕ್ಕೆ ಬಿತ್ತು. ಕಲ್ಲುಗುಡ್ಡೆಯ ಮೇಲೆ ಬೆಳೆದಿದ್ದ ಮರ ಬೀಳುವಾಗ ಗುಡ್ಡೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಅದು ಗಾಳಿ ಮಾಡಿದ್ದು, ತಡೆಯಲಾಗದು. ನಾವೇ ಯಂತ್ರ ಹಾಕಿ ಅದೇ ಕೆಲಸ ಮಾಡುವುದು ಮಾತ್ರ ನನಗೆ ಸಹಿಸಲಾಗುವುದಿಲ್ಲ.

ಸ್ವೀಡನ್ನಿನಲ್ಲಿ ಕಾನೂನು ಗಟ್ಟಿಯಾಗಿಯೇ ಇದೆ. 1850ಕ್ಕಿಂತ ಹಿಂದಿನ ಕುರುಹು ಅಂತ ಗೊತ್ತಾದರೆ ಅನುಮತಿ ಇಲ್ಲದೆ ಅದನ್ನು ಕದಲಿಸುವಂತಿಲ್ಲ. ಆ ಇಸವಿಯ ಈಚೆಗಿನವು ಪ್ರಾಚೀನ ಅವಶೇಷದ ಲೆಕ್ಕಕ್ಕೆ ಸೇರುವುದಿಲ್ಲ, ಅವುಗಳ ಬಗ್ಗೆ ಎಚ್ಚರ ವಹಿಸಿ ಅಂತ ಅರಣ್ಯ ಕಾಯ್ದೆ ಹೇಳುತ್ತದೆ, ಅಷ್ಟೆ. ಇಲ್ಲಿ ನನ್ನ ಮನಸ್ಸು ಸಿಕ್ಕಿಕೊಂಡಿರುವುದು ಇದ್ದಿಲು ಗೂಡುಗಳಲ್ಲಿ. ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಬೇಕು ಅಂತ ಕಾಡಿನಲ್ಲೇ ಮರ ಒಟ್ಟಿ, ಮಣ್ಣು ಮುಚ್ಚಿ, ದಿನಗಟ್ಟಲೆ ನಿದ್ದೆಗೆಟ್ಟು ಸುಡುತ್ತಿದ್ದರು. ಉರಿ ಎದ್ದರೆ ಇದ್ದಿಲೆಲ್ಲ ಬೂದಿ. ಆ ದುಂಡನೆಯ ಕಪ್ಪು ನೆಲ, ಪಕ್ಕದಲ್ಲಿ ಸುಡುವವರು ಮಲಗುತ್ತಿದ್ದ ಪುಟ್ಟ ಗುಡಿಸಲಿನ ಒಲೆಗಲ್ಲು ಈಗಲೂ ಕಾಣುತ್ತವೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ಹೋದಾಗ ಸ್ವೀಡನ್ನಿನಲ್ಲಿ 70 ಸಾವಿರಕ್ಕೂ ಹೆಚ್ಚು ವಾಹನಗಳು ಸೌದೆ, ಇದ್ದಿಲಿನ ಅನಿಲದಿಂದಲೇ ಓಡಿದವು, ಕಾಡಿನಲ್ಲಿ ಮತ್ತೆ ಇದ್ದಿಲು ಸುಟ್ಟರು. ನಮ್ಮ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಅನಿಲದಿಂದ ದೀಪ ಹೊತ್ತಿಸಿದರಲ್ಲ, ಅದರ ಮೂಲ ವಿದ್ಯೆಯೂ ಇದೇ. ಸೌದೆಯಿಂದ ಬದುಕಿದವರ ಗುರುತು ಅಂದರೆ ಆ ಇದ್ದಿಲು ಗೂಡುಗಳೇ ತಾನೇ? ಹೊಸ ಸೌದೆ ಯೋಜನೆಗೆ ಹತ್ತಿರದ ಬಂಧು ಈ ಗೂಡುಗಳು, ಅವುಗಳಲ್ಲಿ 1850ರ ಈಚಿನವುಗಳಿಗೇ ರಕ್ಷಣೆ ಕಡಿಮೆ.

ಹಾಗಂತ ಅಲ್ಲಿನವರು ಕೈಕಟ್ಟಿ ಕೂತಿಲ್ಲ. ಕಲ್ಲುಗುಡ್ಡೆ ಅಥವಾ ಗೂಡು ಇರುವ ಕಡೆ, ಅದರ ಸುತ್ತ ನಾಲ್ಕಾರು ಮರಗಳನ್ನು ಬುಡಕ್ಕೆ ಕಡಿಯದೆ ಎದೆಮಟ್ಟಕ್ಕೆ, ಸುಮಾರು 1.3 ಮೀಟರ್ ಎತ್ತರಕ್ಕೆ ಕಡಿದು ಮೋಟು ನಿಲ್ಲಿಸುತ್ತಾರೆ. ಚಳಿಗಾಲದ ಕತ್ತಲಲ್ಲಿ, ಹಿಮ ಮುಚ್ಚಿದ ನೆಲದಲ್ಲಿ ಯಂತ್ರದ ಚಾಲಕನಿಗೆ ಕಲ್ಲು ಕಾಣದಿದ್ದರೂ ಆ ಮೋಟು ಕಾಣುತ್ತದೆ. ನೆಲ ಹೆಪ್ಪುಗಟ್ಟಿದಾಗ ಮಾತ್ರ ಗಾಡಿ ಒಳಗೆ ಬಿಡಿ ಅಂತಲೂ ಹೇಳುತ್ತಾರೆ, ಆದರೆ ಚಳಿಗಾಲ ಬೆಚ್ಚಗಾಗಿ ನೆಲ ಮೊದಲಿನಂತೆ ಗಟ್ಟಿಯಾಗುತ್ತಿಲ್ಲ, ಹಾಗಾಗಿ ಮೋಟುಗಳ ಮೇಲೆ ಈಗ ಭಾರ ಜಾಸ್ತಿ.

ಆದರೆ ಮೋಟು ನಿಲ್ಲಿಸಬೇಕಾದರೆ ಗುಡ್ಡೆ ಎಲ್ಲಿದೆ ಅಂತ ಮೊದಲು ಗೊತ್ತಿರಬೇಕು. 1990ರ ದಶಕದಲ್ಲಿ ಅವರು ‘ಕಾಡು ಮತ್ತು ಇತಿಹಾಸ’ ಅಂತ ಒಂದು ಕೆಲಸ ಶುರು ಮಾಡಿದರು. ಕೆಲಸವಿಲ್ಲದೆ ಕೂತಿದ್ದವರಿಗೆ ತರಬೇತಿ ಕೊಟ್ಟು, ಕಾಡಿನೊಳಗೆ ಕಳಿಸಿ, ಕಂಡ ಗುಡ್ಡೆ, ಗೂಡು, ಹಾಳುಮನೆಯ ಪಾಯ ಎಲ್ಲವನ್ನೂ ನಕಾಶೆಗೆ ಹಾಕಿಸಿದರು. ಊರಿನ ಹಿರಿಯರನ್ನು ಕೇಳಿದರು. ತಾತ ಎಲ್ಲಿ ಇದ್ದಿಲು ಸುಡುತ್ತಿದ್ದ, ಯಾವ ದಿಬ್ಬಕ್ಕೆ ಏನು ಹೆಸರು ಅಂತ ಗೊತ್ತಿದ್ದವರು ಅವರೇ. ಸೌದೆ ಯೋಜನೆ ಯಾವ ದೇಶದಲ್ಲೇ ಬರಲಿ, ಗರಗಸಕ್ಕಿಂತ ಮೊದಲು ಹೀಗೆ ನಡೆದು ನೋಡುವವರು ಒಳಗೆ ಹೋಗಬೇಕು, ಅವರ ಕೂಲಿಯೂ ಆ ಯೋಜನೆಯ ಖರ್ಚಿನಲ್ಲೇ ಸೇರಿರಬೇಕು. ಆ ಹಿರಿಯರಿಗೆ ಆಗಲೇ ವಯಸ್ಸಾಗಿತ್ತು.

ಇಷ್ಟು ನಿಮ್ಮೊಂದಿಗೆ ಹೇಳಿಕೊಳ್ಳಬೇಕಿತ್ತು. ನಮಸ್ಕಾರ.