ಹಳೆಯ ಪಿಸ್ಟನ್ ಯಾಕೆ ಹೋಯಿತು?

ಕೇಳುಗರಿಗೆಲ್ಲ ನಮಸ್ಕಾರ.

ಮರ ಕೊಯ್ಯುವ ಹಳೆಯದೊಂದು ಚೈನ್‌ಸಾ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಯಾರೋ ಕೊಟ್ಟಿದ್ದು, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಸ್ವಿಚ್ ಆಫ್ ಮಾಡಿ. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಯಂತ್ರವನ್ನು ನೆಲದಿಂದ ಒಂದು ಗೇಣು ಮೇಲೆತ್ತಿ. ಎಂಜಿನ್ ಗಟ್ಟಿಯಾಗಿದ್ದರೆ ಅದು ಹಗ್ಗದಲ್ಲೇ ನೇತಾಡುತ್ತದೆ, ತಡೆದು ತಡೆದು ಇಳಿಯುತ್ತದೆ. ಸರ್ರನೆ ಜಾರಿ ನೆಲ ಮುಟ್ಟಿತೋ, ಒಳಗೆ ಕಂಪ್ರೆಷನ್, ಅಂದರೆ ಗಾಳಿಯನ್ನು ಅದುಮಿ ಹಿಡಿಯುವ ಶಕ್ತಿ, ಉಳಿದಿಲ್ಲ.

ಆಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಬೇರೆ ಕಂಪನಿಯವರು ಮಾಡಿದ ಪಿಸ್ಟನ್, ಅದು ಮೇಲೆ ಕೆಳಗೆ ಓಡುವ ಸಿಲಿಂಡರ್, ಎರಡೂ ಇರುವ ಕಿಟ್ ತರಿಸುತ್ತೇವೆ, ಹಾಕುತ್ತೇವೆ, ಹಗ್ಗ ಎಳೆಯುತ್ತೇವೆ. ಮೊದಲ ಸಲ ನಾನೂ ಹಾಗೇ ಮಾಡಿದೆ. ಯಂತ್ರ ಚೆನ್ನಾಗಿಯೇ ಶುರುವಾಯಿತು. ಎರಡನೇ ಟ್ಯಾಂಕ್ ಮುಗಿಯುವ ಮೊದಲೇ ಹೊಸ ಪಿಸ್ಟನ್ನೂ ಸಿಲಿಂಡರಿನಲ್ಲಿ ಹಿಡಿದುಕೊಂಡು ನಿಂತಿತು. ತಪ್ಪು ಪಿಸ್ಟನ್ನಿನದಲ್ಲ. ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವೆ ಒಂದು ರಬ್ಬರ್ ಕೊಳವೆ ಇರುತ್ತದಲ್ಲ, ಅದರಲ್ಲಿ ಕೂದಲೆಳೆಯಷ್ಟು ಸೀಳು. ಸುಮ್ನೆ ನೋಡಿದರೆ ಕಾಣುತ್ತಿರಲಿಲ್ಲ. ಬಗ್ಗಿಸಿದಾಗ ಬಾಯಿ ತೆರೆಯಿತು. ಅಂದಿನಿಂದ ಯಾವ ಯಂತ್ರ ಬಿಚ್ಚಿದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಹಳೆಯ ಪಿಸ್ಟನ್ ಯಾಕೆ ಹೋಯಿತು?

ಉತ್ತರ ಆ ಪಿಸ್ಟನ್ನಿನ ಮೈಮೇಲೆಯೇ ಇರುತ್ತದೆ. ಸೈಲೆನ್ಸರ್ ಬಿಚ್ಚಿ, ಟಾರ್ಚ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಒಳಗೆ ನೋಡಿ. ಹೊಗೆ ಹೋಗುವ ಬದಿಯಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದರೆ, ಸಾಮಾನ್ಯವಾಗಿ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾಗಿದೆ. ಸುತ್ತಲೂ ಉಜ್ಜಿ ಹೋಗಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿರಬಹುದು. ಕಾರ್ಬುರೇಟರ್ ಬದಿ ಮಂಕಾಗಿ, ಬೂದು ಬಣ್ಣಕ್ಕೆ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ.

ಇದು ಎರಡು ಸ್ಟ್ರೋಕಿನ ಎಂಜಿನ್. ಎಂಜಿನ್ ಆಯಿಲ್‌ಗೆ ಬೇರೆ ಜಾಗವೇ ಇಲ್ಲ, ಪೆಟ್ರೋಲಿನ ಜೊತೆಗೇ ಹೋಗಬೇಕು. 50ಕ್ಕೆ 1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಲೀಟರ್ ಟೂ ಸ್ಟ್ರೋಕ್ ಆಯಿಲ್. ಸೀಳಿನಿಂದ ಗಾಳಿ ನುಗ್ಗಿ ಪೆಟ್ರೋಲ್ ಕಮ್ಮಿ ಹೋದರೆ ಆಯಿಲ್ಲೂ ಕಮ್ಮಿ ಹೋದಂತೆ. ಬಿಸಿ ಏರುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗುತ್ತದೆ, ಸಿಲಿಂಡರಿಗೆ ಮೆತ್ತಿಕೊಳ್ಳುತ್ತದೆ. ಅಷ್ಟು ಸಣ್ಣ ಸೀಳು ಒಂದು ಎಂಜಿನ್ನನ್ನೇ ಮುಗಿಸುವುದು ಹೀಗೆ.

ಈಗ ಸಿಲಿಂಡರ್ ಹೊರಗೆ ತೆಗೆದಿದ್ದೀರಿ. ಒಳಗೆಲ್ಲ ಬೆಳ್ಳಿಯಂತೆ ಮೆತ್ತಿದ ಗೆರೆಗಳು. ನೋಡಿದ ತಕ್ಷಣ ಇದು ಹೋಯ್ತು ಅನ್ನಿಸುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಎಷ್ಟೋ ಸಲ ಅದು ಸಿಲಿಂಡರಿನ ಗಾಯ ಅಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿಕೊಂಡಿರುವುದು. ಕೆಳಗಿನ ನಿಕ್ಕಲ್ ಲೇಪನ ತುಂಬಾ ಗಟ್ಟಿ. ಹತ್ತಿ ಸುತ್ತಿದ ಕಡ್ಡಿಯನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ, ಆ ಗೆರೆಗಳ ಮೇಲೆ ಮಾತ್ರ ಸವರಿ. ಬುಸುಬುಸು ನೊರೆ ಬರುತ್ತದೆ. ಅಲ್ಯೂಮಿನಿಯಂ ಇರುವವರೆಗೆ ನೊರೆ. ಒರೆಸಿ, ಮತ್ತೆ ಸವರಿ. ನೊರೆ ನಿಂತ ಕಡೆ ಕೆಳಗಿನ ಲೇಪನ ಬಂತು ಅಂತ ತಿಳಿಯಿರಿ. ಗಾಳಿಯಾಡುವ ಬಯಲಲ್ಲೇ ಇದನ್ನು ಮಾಡಬೇಕು, ಕೈಗವಸು ಕನ್ನಡಕ ಹಾಕಿಕೊಂಡೇ ಮಾಡಬೇಕು. ಪೋರ್ಟುಗಳು ಅಂದರೆ ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ತೂತುಗಳು; ಅವುಗಳ ಅಂಚಿಗೆ, ಲೇಪನ ಎದ್ದ ಜಾಗಕ್ಕೆ ಆಸಿಡ್ ತಾಗಬಾರದು, ಅದು ಸಿಲಿಂಡರನ್ನೇ ತಿನ್ನುತ್ತದೆ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಉಗುರು ಆಡಿಸಿ ನೋಡಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಆ ಸಿಲಿಂಡರನ್ನು ಬಿಸಾಡಬೇಡಿ. ಹೊಸ ಕಿಟ್ಟಿನ ಸಿಲಿಂಡರಿಗಿಂತ, ತೊಳೆದು ಉಳಿಸಿಕೊಂಡ ಒರಿಜಿನಲ್ ಸಿಲಿಂಡರನ್ನೇ ನಾನು ನಂಬುತ್ತೇನೆ. ಪಿಸ್ಟನ್ ಮತ್ತು ಅದರ ಸುತ್ತ ಕೂರುವ ರಿಂಗ್ ಮಾತ್ರ ಹೊಸದು ಸಾಕು.

ಲೇಪನವೇ ಕಿತ್ತು ಹೋಗಿದ್ದರೆ ಮಾತ್ರ ಹೊಸ ಸಿಲಿಂಡರ್ ಬೇಕಾಗುತ್ತದೆ. ಬೇರೆ ಕಂಪನಿಯದು ತಂದರೆ ಒಳಗಿನ ಪೋರ್ಟುಗಳ ಅಂಚನ್ನು ಬೆರಳಿಂದ ಮುಟ್ಟಿ ನೋಡಿ. ಎಷ್ಟೋ ಸಲ ಚೂಪಾಗಿರುತ್ತದೆ. ಹಾಗೇ ಹಾಕಿದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ನುಣುಪು ಮರಳು ಕಾಗದದಿಂದ ಆ ಅಂಚನ್ನಷ್ಟೇ ಹಗುರವಾಗಿ ಮೊಂಡು ಮಾಡಿ, ಪುಡಿ ಉಳಿಯದ ಹಾಗೆ ತೊಳೆಯಿರಿ. ರಿಂಗನ್ನು ಬರೀ ಸಿಲಿಂಡರಿಗೆ ಹಾಕಿ, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳಗೆ ತಳ್ಳಿ ನೋಡಿ. ಎರಡು ತುದಿಗಳ ನಡುವೆ ಸಣ್ಣ ಸಂದಿ ಇರಲೇಬೇಕು, ಬಿಸಿಗೆ ಹಿಗ್ಗಿದಾಗ ಅದಕ್ಕೆ ಜಾಗ ಬೇಕಲ್ವಾ?

ಯಾವುದು ಅಗ್ಗದ್ದು ಆದೀತು, ಯಾವುದು ಆಗದು ಅಂತ ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಹಿಡಿ, ಮುಚ್ಚಳ, ಸ್ಟಾರ್ಟರ್ ಹಗ್ಗ ಯಾರದ್ದಾದರೂ ಪರವಾಗಿಲ್ಲ. ಪಿಸ್ಟನ್ ನೋಡಿ ಆರಿಸಿದರೆ ಆದೀತು. ಆದರೆ ಪಿಸ್ಟನ್ ಪಿನ್ನನ್ನು ಹಿಡಿದಿಡುವ ಆ ಎರಡು ಪುಟ್ಟ ತಂತಿ ಲಾಕುಗಳು, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಆಯಿಲ್ ಸೀಲುಗಳು, ಕಾರ್ಬುರೇಟರಿನ ಡಯಾಫ್ರಂ ಅನ್ನುವ ತೆಳು ಪೊರೆ, ಓಡುವ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕಿನ ಭಾಗಗಳು, ಇವನ್ನು ಒರಿಜಿನಲ್ಲೇ ತನ್ನಿ. ತಂತಿ ಲಾಕು ಒಂದು ಕಳಚಿದರೆ ಪಿಸ್ಟನ್, ಸಿಲಿಂಡರ್ ಎರಡೂ ಹಾಳು. ಚೈನ್ ಬ್ರೇಕ್ ಅಂದರೆ ನಿಮ್ಮ ಮುಖ, ನಿಮ್ಮ ಕೈ. ಅಲ್ಲಿ ಉಳಿತಾಯದ ಮಾತು ಬೇಡ.

ಜೋಡಿಸುವಾಗ ಮೊದಲು ಕೆಳಗಿನ ಕ್ರ್ಯಾಂಕ್ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಲಾಕು ಚಿಮ್ಮಿದರೆ ಒಳಗೆ ಬೀಳಬಾರದು. ಹಳೆಯ ಲಾಕನ್ನು ಮತ್ತೆ ಹಾಕಬೇಡಿ. ಹೊಸದನ್ನು ಹಾಕುವಾಗ ಅದರ ಬಾಯಿ ನೇರ ಮೇಲಕ್ಕೋ ನೇರ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಎರಡು ತುದಿ, ಅದರ ಕಾಲುವೆಯಲ್ಲಿರುವ ಪುಟ್ಟ ಮೊಳೆಯ ಆಚೆ ಈಚೆ ಕೂರಬೇಕು. ತುರುಕಿದ ಬಟ್ಟೆ ತೆಗೆದು, ಎಲ್ಲಕ್ಕೂ ಟೂ ಸ್ಟ್ರೋಕ್ ಆಯಿಲ್ ಸವರಿ, ರಿಂಗನ್ನು ಬೆರಳಲ್ಲಿ ಒತ್ತಿ ಹಿಡಿದು ಸಿಲಿಂಡರ್ ಇಳಿಸಿ. ತಿರುಗಿಸಬೇಡಿ, ನೇರ ಇಳಿಸಿ.

ಇಲ್ಲಿಗೆ ಹಗ್ಗ ಎಳೆಯುವ ಆಸೆ ಆಗುತ್ತದೆ. ಇನ್ನೂ ಒಂದು ಕೆಲಸ ಇದೆ. ಹೊಗೆ ಹೋಗುವ ಬಾಯಿ, ಗಾಳಿ ಬರುವ ಬಾಯಿ ಎರಡನ್ನೂ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ. ಸಣ್ಣ ಕೈಪಂಪಿನಿಂದ ಒಳಗೆ ಸುಮಾರು 7 ಪಿ.ಎಸ್.ಐ. ಒತ್ತಡ ಕೊಟ್ಟು ಕಾಯಿರಿ. ಒತ್ತಡ ತೋರಿಸುವ ಮುಳ್ಳು ಇಳಿದರೆ ಸೀಲು, ಗ್ಯಾಸ್ಕೆಟ್, ರಬ್ಬರ್ ಕೊಳವೆ ಎಲ್ಲದರ ಮೇಲೂ ಸೋಪಿನ ನೀರು ಸವರಿ. ಗುಳ್ಳೆ ಏಳುವ ಕಡೆಯೇ ಗಾಳಿ ಸೋರುತ್ತಿದೆ. ಆಮೇಲೆ ಗಾಳಿ ಎಳೆದೂ ಒಮ್ಮೆ ನೋಡಿ. ಕೆಲವು ಸೀಲುಗಳು ಒತ್ತಡ ತಡೆಯುತ್ತವೆ, ಎಳೆದಾಗ ಸೋರುತ್ತವೆ.

ಶುರು ಮಾಡಿದ ಮೇಲೆ ಕಿವಿ ಕೊಡಿ. ಮರ ಕೊಯ್ಯದೆ ಖಾಲಿ ಓಡುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಶಬ್ದ ಗೊರಗೊರ ಅಂತ ಒಡೆದಂತೆ ಇರಬೇಕು. ಮರಕ್ಕೆ ಇಟ್ಟ ಕೂಡಲೇ ಆ ಗೊರಗೊರ ಹೋಗಿ ಶುದ್ಧವಾಗಬೇಕು. ಖಾಲಿಯಲ್ಲೇ ಕೀಚಲು ದನಿ ತೆಗೆದರೆ ಪೆಟ್ರೋಲ್ ಕಮ್ಮಿ ಹೋಗುತ್ತಿದೆ. ಕೂಡಲೇ ಆಕ್ಸಿಲರೇಟರ್ ಬಿಡಿ, ಕಾರ್ಬುರೇಟರಿನ ಎಚ್ ಅಂತ ಬರೆದ ಸ್ಕ್ರೂವನ್ನು ಎಡಕ್ಕೆ ಸ್ವಲ್ಪ ತೆರೆಯಿರಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಚೈನ್ ತಿರುಗಬಾರದು. ಬ್ರೇಕ್ ಹಿಡಿಯುತ್ತದೆಯೇ ಅಂತ ನೋಡದೆ ಮರ ಮುಟ್ಟಬೇಡಿ.

ಮೂರು ಟ್ಯಾಂಕ್ ಆದ ಮೇಲೆ ಯಂತ್ರ ಪೂರ್ತಿ ಆರಲಿ. ಸೈಲೆನ್ಸರ್ ಮತ್ತೆ ಬಿಚ್ಚಿ, ಅದೇ ಟಾರ್ಚ್ ಬಿಡಿ. ಪಿಸ್ಟನ್ನಿನ ಮೈಮೇಲೆ ಕಾರ್ಖಾನೆಯಲ್ಲಿ ಕಡೆದ ಸಣ್ಣ ಅಡ್ಡಗೆರೆಗಳು ಹಾಗೇ ಉಳಿದಿದ್ದು, ಉದ್ದದ ಗೀರು ಒಂದೂ ಇಲ್ಲದಿದ್ದರೆ, ಸೈಲೆನ್ಸರ್ ಬೋಲ್ಟುಗಳನ್ನು ಬಿಗಿ ಮಾಡಿ ಕೆಲಸಕ್ಕೆ ತೆಗೆದುಕೊಂಡು ಹೋಗಿ.

ನಮಸ್ಕಾರ.