ಎಣಿಸೋಕ ಮೊದ್ಲ ಜಾಗ ಬರೀರಿ

ನಮಸ್ಕಾರ್ರಿ. ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: "ಹೊಳ್ಯಾಗ ನೀರುನಾಯಿ ಹೆಚ್ಚಾಗ್ಯಾವ. ನಾನ ಸೇತುವೆ ಮ್ಯಾಲ ನಿಂತು ನೋಡೀನಿ. ಇನ್ನೆಂಥ ಸಂಶೋಧನೆ ಬೇಕು?" ಅಣ್ಣಾ, ಎಷ್ಟು ಕಂಡ್ವು ಅನ್ನೋದು ಆಮ್ಯಾಗ. ಎಲ್ಲಿ ಎಣಿಸಬೇಕು ಅಂತ ಹೊಳಿಗೆ ಹೋಗೋಕ ಮೊದ್ಲ ಬರದಿಟ್ಟಿದ್ರೇನು?

ಮುದ್ಲಾಪುರದಿಂದ ಕಂಪ್ಲಿತನಕ 34 ಕಿಲೋಮೀಟರ್ ತುಂಗಭದ್ರಾ 2015ರಾಗ ನೀರುನಾಯಿ ಸಂರಕ್ಷಣಾ ಮೀಸಲು ಆಗೈತಿ. ಅದನ್ನ ಕಿಲೋಮೀಟರಿಗೊಂದರಂಗ ತುಂಡು ಮಾಡ್ರಿ, ಚೀಟಿ ಎತ್ತಿ ಹತ್ತು ಆರಿಸ್ರಿ. ಚೀಟ್ಯಾಗ ಜಾಲಿಮುಳ್ಳಿನ ದಂಡಿ ಬಂದ್ರೂ ಅಲ್ಲೇ ಹೋಗಬೇಕು. ಪ್ರತಿ ತುಂಡಿಗೂ ಮೂರು ಸಲ. ಒಂದು ಸಲಕ್ಕ ಸುಳಿವು ಸಿಗೋದು ಅರ್ಧಕ್ಕರ್ಧ ಅಂತ ಹಿಡೀರಿ. ನೀರುನಾಯಿ ಇದ್ರೂ ಮೂರು ಸಲಾನೂ ತಪ್ಪೋದು ಎಂಟರಾಗ ಒಂದು. ಒಂದ ಸಲ ಹೋದವರು ಇರೋ ಜಾಗಕ್ಕೂ ಅರ್ಧಕ್ಕರ್ಧ "ಇಲ್ಲ" ಅಂತ ಬರದು ಬರ್ತಾರ.

ಸುಳಿವು ಅಂದ್ರ ಬಂಡೆ ಮ್ಯಾಲಿನ ಹಿಕ್ಕಿ. ಮೀನಿನ ಹುರುಪಿ, ಏಡಿ ಚಿಪ್ಪಿನ ಚೂರು ಅದರಾಗ ಕಾಣ್ತಾವ, ಗಬ್ಬಂತ ಮೀನು ನಾತ. ಡ್ಯಾಂ ಗೇಟ್ ತೆಗದು ಹೊಳಿ ಏರಿತಂದ್ರ ಎಲ್ಲಾ ತೊಳದು ಹೋಗ್ತೈತಿ. ಮರುದಿನ ನೋಡಿದವರು ನೀರುನಾಯಿ ಊರು ಬಿಟ್ವು ಅಂತಾರ! ಅದಕ್ಕ ತಾರೀಖಿನ ಪಕ್ಕ ನೀರಿನ ಮಟ್ಟಾನೂ ಬರೀರಿ.

ದರೋಜಿ ಕರಡಿಧಾಮಾನೂ ಹಂಗ. ಕರಡಿ ಬರಲಿ ಅಂತ ಬೆಲ್ಲದ ಪಾಕ ಸವರಿದ ಬಂಡೆ ಹತ್ರ ಕರಡಿ ಎಣಿಸಿದ್ರ ಅದು ಬೆಲ್ಲದ ಲೆಕ್ಕ, ಧಾಮದ್ದಲ್ಲ. ಜಾಗ ಮೊದ್ಲ ಬರೀರಿ!

"ಹೊಳ್ಯಾಗ ಮೀನೆಷ್ಟು ಅಂತ ಹೇಳಾಕ ಮೀನುಗಾರರ ಅನುಭವ ಸಾಲದಾ?" ಅಂತ ಇನ್ನೊಬ್ಬರು. ಅವರಿಗೆ ಮೀನಿರೋ ಮಡು ಗೊತ್ತು, ಅಲ್ಲೇ ಬಲಿ ಹಾಕ್ತಾರ. ಅದಕ್ಕ ಅವರ ಬುಟ್ಟಿ ಮೀನು ಹೊಳಿ ಪೂರ್ತಿ ಲೆಕ್ಕ ಹೇಳಂಗಿಲ್ಲ. ಮೀನು ಎಣಿಸೋದಾದ್ರ ಬಲಿ ಕಣ್ಣಿನ ಅಳತಿ, ಬಲಿ ಉದ್ದ, ನೀರಾಗಿಟ್ಟ ತಾಸು ಪ್ರತಿ ಸಲ ಒಂದೇ ಇರಬೇಕು. ಖಾಲಿ ಬಂದ ಬಲಿನೂ ಬರೀಬೇಕು, ಅದನ್ನ ಬಿಟ್ಟ್ರ ಸರಾಸರಿ ಸುಳ್ಳಾಗಿ ಏರ್ತೈತಿ. ಮೀನು ಹಿಡಿಯೋದು ಬಂದ್ ಮಾಡಿದ ಮ್ಯಾಲ ಮೀನು ಹೆಚ್ಚಾತು ಅಂತೀರಿ? ಬಂದ್ ಮಾಡೋಕ ಮೊದ್ಲಿನ ಲೆಕ್ಕ ತೋರಸ್ರಿ. ಬಂದ್ ಇಲ್ಲದ ಅಂಥದ್ದೇ ಇನ್ನೊಂದು ಜಾಗದ್ದೂ ತೋರಸ್ರಿ. ಆ ವರ್ಷ ಮಳಿ ಚಲೋ ಆಗಿದ್ರ ಎರಡೂ ಕಡೆ ಏರಿರ್ತೈತಿ.

ರೊಕ್ಕ ಇಲ್ಲಂತ. ಚೀಟಿ ಎತ್ತಾಕ ರೊಕ್ಕ ಬೇಕೇನ್ರೀ? ಟೈಮಿಲ್ಲಂತ. ಸೇತುವೆ ಮ್ಯಾಲ ನಿಲ್ಲಾಕ ಟೈಮೈತಿ! ಸಬ್‌ಸ್ಕ್ರೈಬ್ ಮಾಡ್ರಿ, ಮುಂದಿನ ವಾರ ದಾಖಲೆ ಹಾಳಿ ಹೆಂಗ ತುಂಬೋದು ಪೂರ್ತಿ ತೋರಸ್ತೀನಿ. ಸೇತುವೆ ಅಣ್ಣಾ, ನೀವೂ ಬರ್ರಿ, ಚೀಟಿ ನಿಮ್ಮ ಕೈಲೇ ಎತ್ತಿಸೋಣ.