ಕಪ್ಪುಕುಳಿಯ ಮೀಂಡ್, ಅಲ್ಲಮನ ಬಯಲು: ಧಾರವಾಡದಲ್ಲಿ ಒಂದು ಹೊಸ ಒಪೆರಾ

[ಪರದೆ ಪೂರ್ತಿ ಕಪ್ಪು. ಕೆಳಗಿನಿಂದ ಮೇಲಕ್ಕೆ ಸರ್ರನೆ ಏರುವ ಸಣ್ಣ ಸದ್ದು.]

ಕೇಳಿಸಿತಾ? ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಇನ್ನೊಮ್ಮೆ ಕೇಳಿಸುತ್ತೇನೆ.

ಎರಡು ಕಪ್ಪುಕುಳಿಗಳು, ಅಂದರೆ ಬೆಳಕನ್ನೂ ಹೊರಬಿಡದಷ್ಟು ಸೆಳೆತದ ಕಾಯಗಳು, ಒಂದನ್ನೊಂದು ಸುತ್ತುತ್ತಾ ಸುತ್ತುತ್ತಾ ಕೊನೆಗೆ ಕೂಡಿಕೊಂಡ ಗಳಿಗೆ ಇದು. ನಡೆದದ್ದು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಇಂಥ ನಡುಕ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೋ ಯಂತ್ರಗಳಿಗೆ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ಬಂದದ್ದು ಸದ್ದಲ್ಲ, ಗುರುತ್ವದ ಅಲೆ. ಜಾಗವೇ ಹಿಗ್ಗಿ ಕುಗ್ಗಿದ ನಡುಕ. ಆದರೆ ಆ ನಡುಕ ಸೆಕೆಂಡಿಗೆ ಸುಮಾರು 35 ಸಲದಿಂದ 250 ಸಲದವರೆಗೆ ಏರಿತ್ತು. ಅದು ನಮ್ಮ ಕಿವಿಗೆ ಎಟುಕುವ ಅಳತೆಯೇ. ಸ್ಪೀಕರಿಗೆ ಕೊಟ್ಟರೆ ಕೇಳಿಸುತ್ತದೆ.

ಹಾಡು ಕಲಿತವರು ಈಗ ಲೆಕ್ಕ ಹಾಕಿ. 35, 70, 140, 280. ದುಪ್ಪಟ್ಟಾದಾಗಲೆಲ್ಲ ಒಂದು ಸಪ್ತಕ. ಅಂದರೆ ಮೂರು ಸಪ್ತಕಕ್ಕೆ ಸ್ವಲ್ಪ ಕಡಿಮೆಯ ಒಂದು ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು), ಅದೂ 0.2 ಸೆಕೆಂಡಿನಲ್ಲಿ! ಇದನ್ನೇ 20 ನಿಮಿಷಕ್ಕೆ ಎಳೆದು ಹಾಡಿದರೆ? 6,000 ಪಟ್ಟು ನಿಧಾನ. ನಮ್ಮ ಒಪೆರಾ ಶುರುವಾದದ್ದು ಇಲ್ಲಿಂದ.

[ಧಾರವಾಡದ ಒಂದು ಮನೆ. ಚಾಪೆ ಮೇಲೆ ಎರಡು ತಂಬೂರಿ.]

ಒಪೆರಾ ಅಂದರೆ ಮಾತಿನ ಜಾಗದಲ್ಲಿ ಹಾಡು ಇರುವ ನಾಟಕ. 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿತು. ನಮ್ಮ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಹಾಡಿನಲ್ಲೇ ಜಗಳ, ಹಾಡಿನಲ್ಲೇ ಸಮಾಧಾನ ಗೊತ್ತು. ಮಲ್ಲಿಕಾರ್ಜುನ ಮನ್ಸೂರರೂ ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರೇ.

ವಿಜ್ಞಾನದ ಮೇಲೆ ಒಪೆರಾ ಆಗಿವೆ. 1976ರಲ್ಲಿ ಸಂಗೀತಗಾರ ಫಿಲಿಪ್ ಗ್ಲಾಸ್ ಮತ್ತು ನಿರ್ದೇಶಕ ರಾಬರ್ಟ್ ವಿಲ್ಸನ್ ಐನ್‌ಸ್ಟೈನ್ ಹೆಸರಿನಲ್ಲಿ ಒಂದು ಮಾಡಿದರು. ಹೆಚ್ಚುಕಡಿಮೆ 5 ಗಂಟೆ. ಗಾಯಕರು ಹಾಡುವುದು ಬಹುಪಾಲು ಅಂಕಿ ಮತ್ತು ಸ್ವರಗಳ ಹೆಸರು. 2005ರಲ್ಲಿ ಇನ್ನೊಬ್ಬ ಸಂಗೀತಗಾರ ಜಾನ್ ಆಡಮ್ಸ್ ಅಣುಬಾಂಬಿನ ಓಪನ್‌ಹೈಮರ್ ಬಗ್ಗೆ ಮಾಡಿದರು. ಅದರಲ್ಲಿ ಕೋರಸ್ ಭಗವದ್ಗೀತೆಯ ವಿಶ್ವರೂಪ ದರ್ಶನ ಹಾಡುತ್ತದೆ. ಎರಡೂ ಪಾಠದ ಹಾಗಿಲ್ಲ. ನಾವು ಎಡವಿದ್ದು ಅಲ್ಲೇ. ಮೊದಲು ಬರೆದ ಹಾಡಿನಲ್ಲಿ ಸಾಪೇಕ್ಷತಾ ಸಿದ್ಧಾಂತ ಪೂರ್ತಿ ಇತ್ತು. ಹಾಡಿಸಿ ನೋಡಿದರೆ ಪಿಯುಸಿ ನೋಟ್ಸಿಗೆ ರಾಗ ಹಾಕಿದ ಹಾಗಿತ್ತು. ತೆಗೆದುಹಾಕಿದೆವು. ಭೌತಶಾಸ್ತ್ರ ಕಿವಿಗೆ ಬೀಳಬೇಕು, ಬಾಯಲ್ಲಿ ಬರಬಾರದು.

ಹೇಗೆ ಅಂತೀರಾ? ಇಲ್ಲಿ ನೋಡಿ.

[ಕ್ಯಾಮೆರಾ ತಂಬೂರಿಯ ಕುದುರೆಗೆ, ಅಂದರೆ ತಂತಿಗಳನ್ನು ಹೊತ್ತ ಪಟ್ಟಿಗೆ, ತೀರಾ ಹತ್ತಿರ.]

ಇವು ಜೋಡಿ ತಂತಿ. ಎರಡೂ ಒಂದೇ ಷಡ್ಜಕ್ಕೆ, ಅಂದರೆ 'ಸ' ಸ್ವರಕ್ಕೆ, ಕೂಡಬೇಕು. ಈಗ ಒಂದು ಸೆಕೆಂಡಿಗೆ 140 ಸಲ ನಡುಗುತ್ತದೆ, ಇನ್ನೊಂದು 144 ಸಲ. ಮೀಟಿದರೆ ವಂವ್ ವಂವ್ ಅಂತ ಸೆಕೆಂಡಿಗೆ ನಾಲ್ಕು ಸಲ ಮಿಡಿಯುತ್ತದೆ. ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತೇನೆ. ಮಿಡಿತ ನಿಧಾನವಾಯಿತು. ಇನ್ನೂ ನಿಧಾನ. ಈಗ ಇಲ್ಲವೇ ಇಲ್ಲ. ಎರಡು ತಂತಿ ಇವೆ, ಕೇಳುವುದು ಒಂದೇ.

ಕಪ್ಪುಕುಳಿಗಳದು ಉಲ್ಟಾ. ಹತ್ತಿರ ಬಂದಷ್ಟೂ ಸುತ್ತು ಜೋರಾಗುತ್ತದೆ. ನಮ್ಮ ನಾಟಕದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಇಬ್ಬರು ಗಾಯಕರ ಸ್ವರಗಳು ಕೂಡಿಬರುತ್ತಾ ಮಿಡಿತ ಶಾಂತವಾಗುತ್ತದೆ. ತಬಲಾ ಮಾತ್ರ ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಓಡುತ್ತದೆ. 20 ನಿಮಿಷದ ಮೀಂಡ್ ಕೇಳುವ ತಾಳ್ಮೆ ಜನಕ್ಕಿದೆಯಾ ಅಂತ ಒಬ್ಬರು ಕೇಳಿದರು. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಒಂದೊಂದೇ ಸ್ವರ ಬಿಡಿಸಿ ಬಿಡಿಸಿ ಹಾಡಿದ ನೆಲ ಇದು. ನನಗೆ ಆ ಅನುಮಾನವಿಲ್ಲ.

ಇನ್ನು ಅಲ್ಲಮ. ಒಂದು ಕಪ್ಪುಕುಳಿ ಸುಮಾರು 36 ಸೂರ್ಯರಷ್ಟು ಭಾರ, ಇನ್ನೊಂದು 29. ಕೂಡಿಸಿದರೆ 65 ಆಗಬೇಕು, ಅಲ್ವಾ? ಉಳಿದದ್ದು 62. ಸುಮಾರು 3 ಸೂರ್ಯರಷ್ಟು ತೂಕ ಅಲೆಯಾಗಿ ಎಲ್ಲ ಕಡೆ ಹರಡಿತು. ಈ ಲೆಕ್ಕ ಓದಿದ ರಾತ್ರಿ ನನಗೆ ನೆನಪಾದದ್ದು ಅಲ್ಲಮನ ವಚನಗಳ ಪದ ಒಂದೇ: ಬಯಲಾಗುವುದು, ಶೂನ್ಯದಲ್ಲಿ ಕರಗಿಹೋಗುವುದು. ಅಲ್ಲಮನಿಗೆ ಕಪ್ಪುಕುಳಿ ಗೊತ್ತಿತ್ತು ಅಂತ ನಾನು ಖಂಡಿತ ಹೇಳುತ್ತಿಲ್ಲ. ಹಾಗೆ ಹೇಳಿದರೆ ಅವನಿಗೂ ಮೋಸ, ವಿಜ್ಞಾನಕ್ಕೂ ಮೋಸ. ಅವನು ಹುಡುಕಿದ್ದು 'ನಾನು' ಕರಗುವ ಜಾಗ, ವಿಜ್ಞಾನಿಗಳು ಅಳೆದದ್ದು ತೂಕ ಕರಗಿದ ಅಲೆ. ಆದರೆ ಎರಡಕ್ಕೂ ಸಲ್ಲುವ ಮಾತು ನಮ್ಮ ಕನ್ನಡದಲ್ಲಿದೆ. ನಾವು ಆಡುವ ಜಾಗಕ್ಕೂ ಅದೇ ಹೆಸರು. ಅದಕ್ಕೇ ಇದನ್ನು ಆಡಿಟೋರಿಯಂ ಒಳಗೆ ಮಾಡುವುದಿಲ್ಲ. ಬಯಲಾಟದ ಹಾಗೆ, ರಾತ್ರಿ, ಆಕಾಶದ ಕೆಳಗೆ.

ಸ್ವರ ಕೂಡಿದ ಕೂಡಲೇ ಎಲ್ಲ ನಿಲ್ಲುತ್ತದೆ. ತಬಲಾ, ಹಾರ್ಮೋನಿಯಂ, ದೀಪ. ಆ ಮೌನ ಎಷ್ಟು ಹೊತ್ತು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ತಬಲಾದವರು ಒಂದು ಆವರ್ತನ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ಸಾಕು ಅನ್ನುತ್ತಾರೆ. ನಾನು ಮೂರು ಕೇಳುತ್ತಿದ್ದೇನೆ, ಆ ಮೂರು ಸೂರ್ಯರಿಗೆ ಒಂದೊಂದು.

[ದೀಪ ಆರುತ್ತದೆ. ತಂಬೂರಿಯ ಸದ್ದು ತಾನಾಗಿ ಇಳಿಯುವವರೆಗೆ ಕ್ಯಾಮೆರಾ ಬಂದ್ ಮಾಡಬೇಡಿ.]